ಎರಡೇ ಅಂಕಿಯ ಸುಡೋಕು

(1/7)
ಮೊದಲ ಚಿತ್ರ ನೋಡಿ. 81 ಮನೆ, ಅದರಲ್ಲಿ 79 ಖಾಲಿ. ಒಂದು ಕಡೆ 1, ಇನ್ನೊಂದು ಕಡೆ 2. ಪ್ರಿಂಟ್ ಸರಿಯಾಗಿ ಬಂದಿಲ್ಲ ಅಂದ್ಕೋಬೇಡಿ, ಪೂರ್ತಿ ಒಗಟು ಇಷ್ಟೇ. ಇದಕ್ಕೆ ಉತ್ತರ ಇದೆ, ಅದೂ ಒಂದೇ ಒಂದು.

2020ರ ಮೇ ತಿಂಗಳು, ಎಲ್ಲರೂ ಮನೆಯೊಳಗೆ ಕೂತಿದ್ದ ಕಾಲ. ‘ಕ್ರ್ಯಾಕಿಂಗ್ ದ ಕ್ರಿಪ್ಟಿಕ್’ ಅನ್ನೋ ಯೂಟ್ಯೂಬ್ ಚಾನೆಲ್ ನಡೆಸುವ ಇಂಗ್ಲೆಂಡಿನ ಸೈಮನ್ ಆಂಥನಿ ಕೈಗೆ ಈ ಒಗಟು ಬಂತು. ಕಟ್ಟಿದವರು ಮಿಚೆಲ್ ಲೀ. ಯಾರೋ ತಮಾಷೆ ಮಾಡ್ತಿದ್ದಾರೆ ಅಂತಲೇ ಸೈಮನ್ ಶುರು ಮಾಡೋದು. ಸುಮಾರು 25 ನಿಮಿಷ ಆದ ಮೇಲೆ 81 ಮನೆಯೂ ತುಂಬಿರುತ್ತೆ. ‘ಮಿರಾಕಲ್ ಸುಡೋಕು’ ಅಂತ ಅದಕ್ಕೆ ಹೆಸರೇ ಬಿತ್ತು. ಸುಡೋಕು ಅಂದ್ರೆ ಆಕಳಿಸುವವರೂ ಆ ವಿಡಿಯೋ ಕೊನೆವರೆಗೆ ನೋಡಿದರು.

ಮಾಮೂಲಿ ನಿಯಮಗಳ ಜೊತೆ ಅದರಲ್ಲಿ ಇನ್ನು ಮೂರು ಇದ್ದವು. ಚೆಸ್ ಕುದುರೆ ಒಂದು ನೆಗೆತಕ್ಕೆ ತಲುಪೋ ಮನೆಗಳಲ್ಲಿ ಒಂದೇ ಅಂಕಿ ಇರಬಾರದು. ರಾಜ ಒಂದು ಹೆಜ್ಜೆಗೆ ತಲುಪೋ ಮನೆಗಳಲ್ಲೂ ಇರಬಾರದು. ಅಕ್ಕಪಕ್ಕ, ಮೇಲೆ ಕೆಳಗೆ ಅಂಟಿಕೊಂಡ ಮನೆಗಳಲ್ಲಿ ಒಂದರ ಹಿಂದೆ ಒಂದು ಬರೋ ಅಂಕಿಗಳು (3ರ ಪಕ್ಕ 4, 7ರ ಪಕ್ಕ 6) ಇರಬಾರದು.

ಪೇಪರ್‌ನಲ್ಲಿ ಬರೋ ಸಾದಾ ಸುಡೋಕುಗೆ ಒಂದೇ ಉತ್ತರ ಬರಬೇಕಾದ್ರೆ ಕಡಿಮೆ ಅಂದ್ರೂ 17 ಅಂಕಿ ಕೊಟ್ಟಿರಲೇಬೇಕು. ಇದನ್ನ 2012ರಲ್ಲಿ ಡಬ್ಲಿನ್‌ನ ಗ್ಯಾರಿ ಮೆಗ್ವೈರ್ ತಂಡ ಕಂಪ್ಯೂಟರ್‌ನಲ್ಲಿ ಹುಡುಕಿ ಸಾಬೀತು ಮಾಡಿತು. ಹಾಗಾದ್ರೆ ಉಳಿದ 15 ಅಂಕಿ ಎಲ್ಲಿಗೆ ಹೋದವು? ಅವುಗಳ ಜಾಗಕ್ಕೆ ನಿಯಮ ಬಂದು ಕೂತಿತು. ಸುಡೋಕು ಚರಿತ್ರೆ ಅಂದ್ರೆ ನನ್ನ ಲೆಕ್ಕದಲ್ಲಿ ಇದೇ: ಅಂಕಿ ಕಡಿಮೆಯಾಗುತ್ತಾ, ನಿಯಮ ಸೇರುತ್ತಾ ಬಂದ ಕಥೆ. ಆ ನಿಯಮ ಮಾಡಿದವರ ಹೆಸರು ಮಾತ್ರ ನಡುನಡುವೆ ಬಿಟ್ಟುಹೋಗಿದೆ.

(2/7)
ಎರಡನೇ ಚಿತ್ರದಲ್ಲಿರುವ ಅಜ್ಜ ಲಿಯೊನಾರ್ಡ್ ಆಯ್ಲರ್. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೂ ಗಣಿತ ನಿಲ್ಲಿಸದ ಮನುಷ್ಯ. ಅವರ 1782ರ ಪ್ರಬಂಧದಲ್ಲಿ ಒಂದು ಸಮಸ್ಯೆ ಬರುತ್ತೆ. ಆರು ರೆಜಿಮೆಂಟು, ಪ್ರತಿಯೊಂದರಿಂದ ಆರು ದರ್ಜೆಯ ಆರು ಅಧಿಕಾರಿಗಳು, ಒಟ್ಟು 36 ಜನ. ಇವರನ್ನ 6×6 ಚೌಕದಲ್ಲಿ ನಿಲ್ಲಿಸಬೇಕು. ಯಾವ ಅಡ್ಡಸಾಲಲ್ಲೂ ಯಾವ ಕಂಬಸಾಲಲ್ಲೂ ರೆಜಿಮೆಂಟೂ ಮರುಕಳಿಸಬಾರದು, ದರ್ಜೆಯೂ ಮರುಕಳಿಸಬಾರದು.

ರೆಜಿಮೆಂಟ್ ಮಾತ್ರ ಅಂದ್ರೆ ಸುಲಭ, ಮಕ್ಕಳೂ ಮಾಡ್ತಾರೆ. ಅದನ್ನೇ ‘ಲ್ಯಾಟಿನ್ ಚೌಕ’ ಅನ್ನೋದು. ಆದ್ರೆ ಎರಡೂ ನಿಯಮ ಒಟ್ಟಿಗೆ ಅಂದಾಗ ಆಯ್ಲರ್‌ಗೂ ಆಗಲಿಲ್ಲ. ಇದು ಆಗದ ಕೆಲಸ ಅಂತ ಅವರು ಅಂದಾಜು ಮಾಡಿದರು, 10×10, 14×14 ಅಳತೆಗಳಿಗೂ ಆಗಲ್ಲ ಅಂದರು. 6×6ರ ಮಾತು ನಿಜ ಅಂತ ಫ್ರಾನ್ಸಿನ ಗಾಸ್ತೊ ತಾರಿ 1900ರ ಹೊತ್ತಿಗೆ ತೋರಿಸಿಕೊಟ್ಟರು. ಉಳಿದದ್ದು ಸುಳ್ಳು ಅಂತ 1959ರಲ್ಲಿ ತೋರಿಸಿದ ಮೂವರಲ್ಲಿ ಇಬ್ಬರು ನಮ್ಮ ದೇಶದವರು: ರಾಜಚಂದ್ರ ಬೋಸ್ ಮತ್ತು ಎಸ್.ಎಸ್. ಶ್ರೀಖಂಡೆ. ಮೂರನೆಯವರು ಪಾರ್ಕರ್. ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನ ಮೊದಲ ಪುಟದಲ್ಲಿ ಬಂತು. ಗಣಿತದ ಸುದ್ದಿ ಮೊದಲ ಪುಟಕ್ಕೆ ಬರೋದು ಇವತ್ತಿಗೂ ಅಪರೂಪ ಅಲ್ವಾ?

ಈ ಪ್ರಸಂಗದಿಂದ ಒಗಟು ಕಟ್ಟುವವರಿಗೆ ಸಿಗೋ ಪಾಠ ಒಂದಿದೆ. ನಿಯಮ ಸೇರಿಸೋದು ಉಪ್ಪು ಹಾಕಿದ ಹಾಗೆ. ಹದ ತಪ್ಪಿದರೆ ಉತ್ತರವೇ ಇಲ್ಲದ ಒಗಟು ಕೈಯಲ್ಲಿರುತ್ತೆ.

(3/7)
ಈಗ ಪ್ಯಾರಿಸ್. 1895ರ ಜುಲೈ 6ರಂದು ‘ಲಾ ಫ್ರಾನ್ಸ್’ ಪತ್ರಿಕೆ 9×9ರ ಒಂದು ಒಗಟು ಹಾಕಿತು. ಅಡ್ಡಸಾಲು, ಕಂಬಸಾಲು, ಜೊತೆಗೆ ಕರ್ಣದ ದಿಕ್ಕಿನಲ್ಲೂ 1ರಿಂದ 9. 3×3 ಚೌಕಗಳ ಗೆರೆ ಎಳೆದಿರಲಿಲ್ಲ, ನಿಯಮದಲ್ಲೂ ಹೇಳಿರಲಿಲ್ಲ. ಆದ್ರೆ ಉತ್ತರ ತುಂಬಿ ನೋಡಿದರೆ ಪ್ರತಿ 3×3 ಚೌಕದಲ್ಲೂ 1ರಿಂದ 9 ಕೂತಿವೆ! ಹೇಳದ ನಿಯಮ ಒಳಗೇ ಇತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ. ಮೊದಲ ಮಹಾಯುದ್ಧದ ಹೊತ್ತಿಗೆ ಫ್ರೆಂಚ್ ಪತ್ರಿಕೆಗಳಿಂದ ಈ ಬಗೆಯ ಒಗಟು ಮಾಯವಾಯಿತು.

ಆ ಚೌಕದ ನಿಯಮ ಮತ್ತೆ ಕಾಣಿಸಿಕೊಂಡಿದ್ದು ಹೊಲದಲ್ಲಿ. ಹೌದು, ಹೊಲದಲ್ಲೇ. ಹೊಸ ತಳಿಗಳ ಪರೀಕ್ಷೆ ಮಾಡುವಾಗ ಒಂದು ಮೂಲೆಯ ಮಣ್ಣು ಫಲವತ್ತು, ಇನ್ನೊಂದು ಮೂಲೆ ಬರಡು ಇರುತ್ತೆ. ಒಂದು ತಳಿಗೆ ಒಳ್ಳೇ ಮಣ್ಣೇ ಸಿಕ್ಕಿಬಿಟ್ಟರೆ ಪರೀಕ್ಷೆ ಕೆಟ್ಟಿತು. ಅದಕ್ಕೆ 1956ರಲ್ಲಿ ಜರ್ಮನಿಯ ಬೆಹ್ರೆನ್ಸ್ ಒಂದು ವಿನ್ಯಾಸ ಕೊಟ್ಟರು: ಪ್ರತಿ ತಳಿ ಪ್ರತಿ ಅಡ್ಡಸಾಲಿನಲ್ಲಿ ಒಂದು ಸಲ, ಪ್ರತಿ ಕಂಬಸಾಲಿನಲ್ಲಿ ಒಂದು ಸಲ, ಹೊಲದ ಪ್ರತಿ ತುಂಡಿನಲ್ಲೂ ಒಂದು ಸಲ. ಇದಕ್ಕೆ ಅವರು ಬಳಸಿದ ಜರ್ಮನ್ ಪದದ ಅರ್ಥ ‘ನ್ಯಾಯವಾದದ್ದು’. ಸುಡೋಕು ನಿಯಮಕ್ಕೆ ಇದಕ್ಕಿಂತ ಒಳ್ಳೇ ಹೆಸರು ನಾನಂತೂ ಕೇಳಿಲ್ಲ.

(4/7)
ಇದು ಈ ಸರಣಿಯಲ್ಲಿ ನನಗೆ ಹೆಚ್ಚು ಇಷ್ಟವಾದ, ಸ್ವಲ್ಪ ಸಂಕಟವನ್ನೂ ಕೊಡೋ ಭಾಗ.

ಅಮೆರಿಕದ ಇಂಡಿಯಾನಾ ರಾಜ್ಯದ ಹೊವರ್ಡ್ ಗಾರ್ನ್ಸ್. ನಿವೃತ್ತ ಆರ್ಕಿಟೆಕ್ಟ್, 74 ವಯಸ್ಸು. 1979ರ ಮೇ ತಿಂಗಳಲ್ಲಿ ಡೆಲ್ ಕಂಪನಿಯ ಒಗಟಿನ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಅನ್ನೋ ಹೆಸರಲ್ಲಿ ಅವರ ಒಗಟು ಬಂತು. ನಾವು ಇವತ್ತು ಆಡೋ ಸುಡೋಕು ಅದೇ. ಅವರು ಮಾಡಿದ್ದು ಇಷ್ಟೇ: 9×9 ಲ್ಯಾಟಿನ್ ಚೌಕಕ್ಕೆ ಒಂಬತ್ತು 3×3 ಚೌಕಗಳ ನಿಯಮ ಸೇರಿಸಿ, ಕೆಲವು ಅಂಕಿ ಮಾತ್ರ ಉಳಿಸಿದರು.

‘ಇಷ್ಟೇನಾ’ ಅನ್ನಬೇಡಿ. 9×9ರ ಲ್ಯಾಟಿನ್ ಚೌಕಗಳ ಒಟ್ಟು ಲೆಕ್ಕ 28 ಅಂಕಿಗಳ ಸಂಖ್ಯೆ. ಸುಡೋಕು ಚೌಕಗಳ ಲೆಕ್ಕ 22 ಅಂಕಿಗಳದ್ದು: 6,670,903,752,021,072,936,960. ಇದನ್ನ ಫೆಲ್ಗೆನ್‌ಹೌವರ್ ಮತ್ತು ಜಾರ್ವಿಸ್ 2005ರಲ್ಲಿ ಎಣಿಸಿದರು. ಭಾಗಾಕಾರ ಮಾಡಿ ನೋಡಿದೆ: ಸುಮಾರು 8,28,000 ಲ್ಯಾಟಿನ್ ಚೌಕಗಳಲ್ಲಿ ಒಂದು ಮಾತ್ರ ಗಾರ್ನ್ಸ್ ಅವರ ಆ ಒಂದು ನಿಯಮಕ್ಕೆ ಒಗ್ಗುತ್ತೆ. ಉಳಿದದ್ದೆಲ್ಲಾ ಒಂದೇ ಏಟಿಗೆ ಹೊರಗೆ.

ಒಗಟಿನ ಪಕ್ಕ ಅವರ ಹೆಸರು ಮಾತ್ರ ಇರಲಿಲ್ಲ. ಅಲ್ಲಿನ ಪದ್ಧತಿಯೇ ಹಾಗೆ. ಮುಂದೆ ನ್ಯೂಯಾರ್ಕ್ ಟೈಮ್ಸ್‌ನ ಪದಬಂಧ ಸಂಪಾದಕ ವಿಲ್ ಶಾರ್ಟ್ಜ್ ಹಳೇ ಸಂಚಿಕೆಗಳನ್ನ ಹರಡಿಕೊಂಡು ಕೂತರು. ಪತ್ರಿಕೆಯ ಮುಂಭಾಗದಲ್ಲಿ ಆ ಸಂಚಿಕೆಗೆ ಒಗಟು ಕಳಿಸಿದ ಎಲ್ಲರ ಪಟ್ಟಿ ಇರ್ತಿತ್ತು. ‘ನಂಬರ್ ಪ್ಲೇಸ್’ ಇದ್ದ ಸಂಚಿಕೆಗಳಲ್ಲಿ ಗಾರ್ನ್ಸ್ ಹೆಸರು ಇದೆ, ಇಲ್ಲದ ಸಂಚಿಕೆಗಳಲ್ಲಿ ಇಲ್ಲ. ಕರ್ತೃವನ್ನ ಪತ್ತೆ ಹಚ್ಚಿದ್ದೂ ಸುಡೋಕು ಬಿಡಿಸೋ ಕ್ರಮದಲ್ಲೇ! ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಗಾರ್ನ್ಸ್ 1989ರಲ್ಲೇ ತೀರಿಕೊಂಡಿದ್ದರು. ತನ್ನ ಒಗಟನ್ನ ಪ್ರಪಂಚವೇ ಆಡುತ್ತೆ ಅಂತ ಅವರಿಗೆ ಗೊತ್ತಾಗಲೇ ಇಲ್ಲ.

(5/7)
1984ರಲ್ಲಿ ಒಗಟು ಜಪಾನಿಗೆ ಹೋಯಿತು. ನಿಕೋಲಿ ಅನ್ನೋ ಪ್ರಕಾಶನ, ಅದರ ಮಾಕಿ ಕಾಜಿ. ‘ಅಂಕಿಗಳು ಒಂಟಿಯಾಗಿಯೇ ಇರಬೇಕು’ ಅನ್ನೋ ಅರ್ಥದ ಉದ್ದನೆಯ ಹೆಸರಿಟ್ಟು, ಅದನ್ನ ಮೊಟಕು ಮಾಡಿ ‘ಸುಡೋಕು’ ಮಾಡಿದರು. ಜಪಾನಿನಲ್ಲಿ ಆ ಹೆಸರಿನ ಟ್ರೇಡ್‌ಮಾರ್ಕ್ ನಿಕೋಲಿಯದು. ಹಾಗಾಗಿ ಅಲ್ಲಿನ ಬೇರೆ ಪ್ರಕಾಶಕರು ಇವತ್ತಿಗೂ ‘ನಂಬರ್ ಪ್ಲೇಸ್’ ಅನ್ನುತ್ತಾರೆ. ಅಂದ್ರೆ ಜಪಾನಿನವರು ಅಮೆರಿಕದ ಹೆಸರಲ್ಲಿ ಆಡ್ತಾರೆ, ಅಮೆರಿಕದವರು ಜಪಾನಿ ಹೆಸರಲ್ಲಿ!

1986ರಲ್ಲಿ ನಿಕೋಲಿ ಎರಡು ಹೊಸ ನಿಯಮ ತಂದಿತು. ಕೊಟ್ಟ ಅಂಕಿ 32ಕ್ಕಿಂತ ಹೆಚ್ಚಿರಬಾರದು. ಕೊಟ್ಟ ಅಂಕಿಗಳು ಕೂತ ಮನೆಗಳು ಸಮಮಿತಿಯಲ್ಲಿರಬೇಕು, ಅಂದ್ರೆ ಪುಟವನ್ನ ತಲೆಕೆಳಗು ಮಾಡಿದರೂ ಅದೇ ವಿನ್ಯಾಸ ಕಾಣಬೇಕು. ಗಮನಿಸಿ, ಇವು ಬಿಡಿಸುವವರಿಗೆ ಹಾಕಿದ ನಿಯಮಗಳಲ್ಲ, ಕಟ್ಟುವವರಿಗೆ ಹಾಕಿದ್ದು. ರಂಗೋಲಿಗೆ ಚುಕ್ಕಿ ಲೆಕ್ಕ ಇದ್ದ ಹಾಗೆ. ಸುಡೋಕು ಒಂದು ಕೈಕೆಲಸ ಅನ್ನೋ ಭಾವನೆ ಗಟ್ಟಿಯಾಗಿದ್ದು ಇಲ್ಲಿ.

ಆಮೇಲೆ ಯಂತ್ರ ಬಂತು. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ 1997ರಲ್ಲಿ ಟೋಕಿಯೋದ ಪುಸ್ತಕದಂಗಡಿಯಲ್ಲಿ ಈ ಒಗಟು ಕಂಡರು. ಆರೇಳು ವರ್ಷ ಕೂತು ಸುಡೋಕು ತಯಾರಿಸೋ ಕಂಪ್ಯೂಟರ್ ಪ್ರೋಗ್ರಾಂ ಬರೆದರು. 2004ರ ನವೆಂಬರ್ 12ರಂದು ಲಂಡನ್‌ನ ‘ದಿ ಟೈಮ್ಸ್’ನಲ್ಲಿ ಶುರುವಾಯಿತು. ಮರುವರ್ಷ ಪ್ರಪಂಚದ ತುಂಬಾ ಸುಡೋಕು ಜ್ವರ. ನಮ್ಮ ಪೇಪರ್‌ಗಳಲ್ಲೂ ಭವಿಷ್ಯದ ಪಕ್ಕ ಬಂದು ಕೂತಿತಲ್ಲ, ನೆನಪಿದೆಯಾ?

ಯಂತ್ರದ ಸುಡೋಕು ಕೆಟ್ಟದ್ದು ಅಂತ ನಾನು ಹೇಳಲ್ಲ. ದಿನಕ್ಕೊಂದು ಅಂತ ಲೋಕಕ್ಕೆಲ್ಲಾ ಹಂಚೋಕೆ ಬೇರೆ ದಾರಿ ಇರಲಿಲ್ಲ. ಆದ್ರೆ ಆ ಒಗಟುಗಳ ಹಿಂದೆ ಯಾರೂ ಇರಲಿಲ್ಲ. ಗಾರ್ನ್ಸ್ ಹೆಸರು ಪುಟದಲ್ಲಿ ಇರಲಿಲ್ಲ, ಮನುಷ್ಯ ಇದ್ದರು. ಈಗ ಮನುಷ್ಯನೂ ಇಲ್ಲ. ಹೊಸ ಹೊಸ ನಿಯಮಗಳ ಸುಡೋಕುಗಳು ಮನುಷ್ಯನನ್ನ ವಾಪಸ್ ಕರೆತಂದವು ಅನ್ನೋದೇ ನನ್ನ ವಾದ.

(6/7)
2005ರ ಆಗಸ್ಟ್ 31ರಂದು ಅದೇ ‘ದಿ ಟೈಮ್ಸ್’ ಕಿಲ್ಲರ್ ಸುಡೋಕು ಶುರು ಮಾಡಿತು. ಇದೂ ಜಪಾನಿನಲ್ಲಿ ತೊಂಬತ್ತರ ದಶಕದಲ್ಲೇ ಇದ್ದದ್ದು. ಸಾಮಾನ್ಯವಾಗಿ ಅಂಕಿ ಒಂದೂ ಕೊಟ್ಟಿರಲ್ಲ. ಮನೆಗಳನ್ನ ಚುಕ್ಕಿಗೆರೆಯ ಪಂಜರಗಳಲ್ಲಿ ಹಾಕಿ ಒಟ್ಟು ಮೊತ್ತ ಮಾತ್ರ ಬರೆದಿರುತ್ತಾರೆ. ಎರಡು ಮನೆಗೆ 17 ಅಂದ್ರೆ 8, 9. ಮೂರು ಮನೆಗೆ 24 ಅಂದ್ರೆ 7, 8, 9. ಇನ್ನು 1ರಿಂದ 9 ಕೂಡಿದರೆ 45. ಒಂದು ಸಾಲಿನ ಎಂಟು ಮನೆ ತುಂಬಿದ ಪಂಜರಗಳ ಮೊತ್ತ 38 ಆಗಿದ್ರೆ ಒಂಬತ್ತನೇ ಮನೆ 7. ಅಂಗಡಿ ಲೆಕ್ಕದ ಮನುಷ್ಯರಿಗೆ ಇದು ಬಹಳ ಹಿಡಿಸುತ್ತೆ.

2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಮೊದಲ ವಿಶ್ವ ಸುಡೋಕು ಚಾಂಪಿಯನ್‌ಷಿಪ್ ನಡೆಯಿತು, ಚೆಕ್ ದೇಶದ ಯಾನಾ ಟಿಲೋವಾ ಗೆದ್ದರು. 2008ರಲ್ಲಿ ಗೋವಾ. 2017ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರು! ಸಾದಾ ಸುಡೋಕು ಜೊತೆ ಬಗೆಬಗೆಯ ನಿಯಮಗಳ ಸುಡೋಕುಗಳೂ ಈ ಸ್ಪರ್ಧೆಗಳಲ್ಲಿ ಇರ್ತವೆ. ನಿಯಮಗಳ ಪುಸ್ತಕವನ್ನ ಮೊದಲೇ ಕೊಟ್ಟಿರ್ತಾರೆ, ಅದನ್ನ ಅರೆದು ಕುಡಿದು ಬರೋದು ಸ್ಪರ್ಧಿಗಳ ಕೆಲಸ.

ಚಿತ್ರ 6ರಲ್ಲಿ ಗೆರೆಗಳು ಕಾಣ್ತಿವೆಯಲ್ಲ? ಒಂದೊಂದಾಗಿ ನೋಡಿ. ಬುಡದಲ್ಲಿ ಉಂಡೆ ಇರೋದು ಥರ್ಮಾಮೀಟರ್, ಉಂಡೆಯಿಂದ ತುದಿಗೆ ಅಂಕಿ ಏರುತ್ತಲೇ ಹೋಗಬೇಕು. ಬಾಣದ ಮೇಲಿನ ಅಂಕಿಗಳನ್ನ ಕೂಡಿದರೆ ಬಾಣದ ಬುಡದ ವೃತ್ತದಲ್ಲಿರೋ ಅಂಕಿ ಬರಬೇಕು. ಎರಡು ಮನೆಗಳ ನಡುವೆ ಬಿಳಿ ಬೊಟ್ಟು ಇದ್ರೆ ಅವು ಒಂದರ ಹಿಂದೊಂದು ಬರೋ ಅಂಕಿಗಳು, ಕಪ್ಪು ಬೊಟ್ಟು ಇದ್ರೆ ಒಂದು ಇನ್ನೊಂದರ ಎರಡರಷ್ಟು. ಇದರ ಹೆಸರು ಕ್ರೋಪ್ಕಿ, ಪೋಲಿಷ್‌ನಲ್ಲಿ ಬೊಟ್ಟುಗಳು ಅಂತಲೇ ಅರ್ಥ. ಇದರ ಗಮ್ಮತ್ತು ಏನಂದ್ರೆ ಹಾಕಬಹುದಾದ ಬೊಟ್ಟೆಲ್ಲಾ ಹಾಕಿಯೇ ಇರ್ತಾರೆ. ಹಾಗಾಗಿ ಬೊಟ್ಟು ಇಲ್ಲದ ಜಾಗವೂ ಸುಳಿವು ಕೊಡುತ್ತೆ: ಇಲ್ಲಿ 4ರ ಪಕ್ಕ 5 ಬರಲ್ಲ, 3 ಬರಲ್ಲ, 8 ಬರಲ್ಲ, 2 ಬರಲ್ಲ.

ನನಗೆ ಹುಚ್ಚು ಹಿಡಿಸಿದ್ದು ಹಸಿರು ಗೆರೆ, ‘ಜರ್ಮನ್ ವಿಸ್ಪರ್ಸ್’. ಗೆರೆಯ ಮೇಲೆ ಅಕ್ಕಪಕ್ಕದ ಅಂಕಿಗಳಿಗೆ ಕನಿಷ್ಠ 5ರ ಅಂತರ ಇರಬೇಕು. ಇಷ್ಟೇ ನಿಯಮ. ಈಗ ಬಿಚ್ಚುತ್ತಾ ಹೋಗಿ. 5ಕ್ಕೆ 5 ಕೂಡಿದರೆ 10, ಕಳೆದರೆ 0, ಎರಡೂ ಇಲ್ಲಿಲ್ಲ. ಅಂದ್ರೆ ಗೆರೆಯ ಮೇಲೆ 5 ಎಲ್ಲೂ ಕೂರಲ್ಲ. 4ರ ಪಕ್ಕ 9 ಮಾತ್ರ, 6ರ ಪಕ್ಕ 1 ಮಾತ್ರ. ಸಣ್ಣದು, ದೊಡ್ಡದು, ಸಣ್ಣದು, ದೊಡ್ಡದು ಅಂತ ಗೆರೆ ಪೂರ್ತಿ ಸರದಿ. 4 ಗೆರೆಯ ನಡುವೆ ಕೂತರೆ ಎರಡೂ ಕಡೆ 9 ಬೇಕು. ಆ ಮೂರು ಮನೆ ಒಂದೇ ಚೌಕದಲ್ಲಿದ್ದರೆ ಎರಡು 9 ಆಗಲ್ಲ, ಹಾಗಾಗಿ ಅಲ್ಲಿ 4ಕ್ಕೆ ಜಾಗವಿಲ್ಲ. ಒಂದು ಸಾಲಿನ ನಿಯಮದಿಂದ ಇಷ್ಟೆಲ್ಲಾ ಹೊರಗೆ ಬಂತು, ಇನ್ನೂ ಒಂದು ಅಂಕಿ ಕೂಡ ಕೊಟ್ಟಿಲ್ಲ!

ಇಂಥ ಒಗಟುಗಳಲ್ಲಿ ಈಗ ಕಟ್ಟಿದವರ ಹೆಸರು ತಲೆಬರಹದ ಪಕ್ಕದಲ್ಲೇ ಇರುತ್ತೆ. ಅಡ್ಡಹೆಸರಾದರೂ ಸರಿ. ಗೆರೆ ಎಳೆದ ರೀತಿ ನೋಡಿಯೇ ‘ಇದು ಇಂಥವರದ್ದು’ ಅಂತ ಹೇಳೋ ಅಭಿಮಾನಿಗಳಿದ್ದಾರೆ.

(7/7)
ಅಂಥ ಒಂದು ಅಡ್ಡಹೆಸರು ‘ಫಿಸ್ಟೊಮೆಫೆಲ್’, ಜರ್ಮನಿಯ ಒಗಟು ಕಟ್ಟುಗ. ಇವರ ಹೆಸರಿನ ಉಂಗುರ ಒಂದಿದೆ. ಇದಕ್ಕೆ ನಿಮ್ಮ ಕೈಯಲ್ಲಿ ನಿನ್ನೆಯ ಪೇಪರ್ ಬೇಕು, ಉತ್ತರ ತುಂಬಿದ ಯಾವ ಸುಡೋಕು ಆದರೂ ಸರಿ.

ನಟ್ಟನಡುವಿನ 3×3 ಚೌಕವನ್ನ ಸುತ್ತುವರಿದ 16 ಮನೆಗಳಿಗೆ ಉಂಗುರ ಹಾಕಿ. ಆಮೇಲೆ ನಾಲ್ಕು ಮೂಲೆಗಳಲ್ಲಿ 2×2ರಂತೆ ನಾಲ್ಕು ತುಂಡು ಗುರುತು ಮಾಡಿ, ಅದೂ 16 ಮನೆ. ಉಂಗುರದಲ್ಲಿರೋ ಅಂಕಿಗಳೂ ಮೂಲೆಗಳಲ್ಲಿರೋ ಅಂಕಿಗಳೂ ಒಂದೇ. ಉಂಗುರದಲ್ಲಿ ಮೂರು 7 ಇದ್ರೆ ಮೂಲೆಗಳಲ್ಲೂ ಮೂರು 7.

ಯಾಕೆ? 3 ಮತ್ತು 7ನೇ ಅಡ್ಡಸಾಲು, ಜೊತೆಗೆ ನಡುವಿನ ಎಡ ಮತ್ತು ಬಲ ಚೌಕ ತಗೊಳ್ಳಿ: 1ರಿಂದ 9 ನಾಲ್ಕು ಸಲ. 1, 2, 8, 9ನೇ ಕಂಬಸಾಲು ತಗೊಳ್ಳಿ: ಇದೂ 1ರಿಂದ 9 ನಾಲ್ಕು ಸಲ. ಎರಡರಲ್ಲೂ ಇರೋ ಮನೆಗಳನ್ನ ಹೊಡೆದುಹಾಕಿ. ಒಂದು ಕಡೆ ಉಂಗುರ ಉಳಿಯುತ್ತೆ, ಇನ್ನೊಂದು ಕಡೆ ಮೂಲೆಗಳು.

ಈ ನಿಯಮವನ್ನ ಯಾರೂ ಸೇರಿಸಿದ್ದಲ್ಲ. 1895ರ ಪ್ಯಾರಿಸ್ ಒಗಟಿನ ಉತ್ತರದಲ್ಲೂ ಇತ್ತು, 1979ರ ಮೇ ತಿಂಗಳ ಗಾರ್ನ್ಸ್ ಪುಟದಲ್ಲೂ ಇತ್ತು. ಪೆನ್ಸಿಲ್ ತಗೊಂಡು ಎಣಿಸಿ, ನಿಮ್ಮ ಉಂಗುರದಲ್ಲಿ 7 ಎಷ್ಟು ಬಂತು ಅಂತ ಕೆಳಗೆ ಬರೀರಿ.