ಅವನನ್ನೇ ಕೇಳಿ



ತಪಸ್ಸುಕಾಲದಲ್ಲಿ ನಾವು ಕೇಳುವ ಶುಭಸಂದೇಶಗಳಲ್ಲಿ ಹುಟ್ಟುಕುರುಡನ ಪ್ರಸಂಗವೂ ಒಂದು (ಯೊವಾನ್ನ 9). ಇದು ಯಾರ ಪಾಪದ ಫಲ, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳುತ್ತಾರೆ. ಯಾರದೂ ಅಲ್ಲ ಎನ್ನುತ್ತಾರೆ ಯೇಸುಸ್ವಾಮಿ. ಮುಂದೆ ಫರಿಸಾಯರು ವಿಚಾರಣೆಗೆ ಕರೆದಾಗ ತಂದೆತಾಯಿ, ಮಗ ಪ್ರಾಯಕ್ಕೆ ಬಂದಿದ್ದಾನೆ, ಅವನನ್ನೇ ಕೇಳಿ ಎಂದು ಜಾರಿಕೊಳ್ಳುತ್ತಾರೆ. ಹೆದರಿ ಆಡಿದ ಮಾತಾದರೂ ಅದರಲ್ಲಿ ಸತ್ಯವಿದೆ. ಸಿನಿಮಾ ಆ ಸತ್ಯಕ್ಕೆ ಬರಲು ಬಹಳ ಕಾಲ ಹಿಡಿಯಿತು.

ನಾವು ನೋಡುತ್ತ ಬೆಳೆದ ಎಷ್ಟೋ ಚಿತ್ರಗಳಲ್ಲಿ ಕುಂಟ ಖಳನಾಯಕ, ತೊದಲುವವನು ನಗೆಪಾಟಲು. ಕುರುಡಿ ತಂಗಿ ಇರುವುದೇ ನಾವು ಅಳಲಿಕ್ಕೆ. ಕೊನೆಯ ರೀಲಿನಲ್ಲಿ ಅವಳಿಗೆ ಕಣ್ಣು ಬಂದರೆ ಕಥೆ ಸುಖಾಂತ.

ಗೌರವದಿಂದ ಕಂಡವರೂ ಇದ್ದರು. 1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ‘ನಾಂದಿ’ ಮಾಡಿದರು. ಅದರಲ್ಲಿ ರಾಜ್‌ಕುಮಾರ್ ಅವರದು ಶಿಕ್ಷಕನ ಪಾತ್ರ, ಹರಿಣಿಯವರದು ಕಿವಿ ಕೇಳದ, ಮಾತು ಬಾರದ ಹೆಂಡತಿಯ ಪಾತ್ರ. 1972ರಲ್ಲಿ ಗುಲ್ಜಾರ್ ಅವರ ‘ಕೋಶಿಶ್’ ಅಂಥದೇ ದಂಪತಿಯ ಸಂಸಾರವನ್ನು ತೋರಿಸಿತು. ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಆ ಪಾತ್ರಗಳನ್ನು ಮಾಡಿದವರೆಲ್ಲ ಕಿವಿ ಕೇಳುವವರೇ.

ಅಮೆರಿಕದಲ್ಲಿ ಹೆರಾಲ್ಡ್ ರಸೆಲ್ ಎಂಬ ಸೈನಿಕ 1944ರಲ್ಲಿ ತರಬೇತಿಯ ವೇಳೆ ಸ್ಫೋಟಕ ಸಿಡಿದು ಎರಡೂ ಕೈ ಕಳೆದುಕೊಂಡರು. ನಟನೆಯೇ ಗೊತ್ತಿಲ್ಲದ ಅವರು 1946ರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಚಿತ್ರದಲ್ಲಿ ಕೈಯಿಲ್ಲದ ನಾವಿಕನಾದರು. ಮದುವೆಯಾಗಬೇಕಾದ ಹುಡುಗಿಯ ಮುಂದೆ ರಾತ್ರಿ ತನ್ನ ಕೊಕ್ಕೆಕೈಗಳನ್ನು ಕಳಚಿಟ್ಟು, ಇನ್ನು ಬಾಗಿಲು ಮುಚ್ಚಿಕೊಂಡರೆ ತೆರೆಯಲೂ ನನ್ನಿಂದಾಗದು ಎಂದು ತಿಳಿಸುವ ದೃಶ್ಯವಿದೆ. ಅಲ್ಲಿ ಪವಾಡವಿಲ್ಲ, ಸತ್ಯವಿದೆ. ಆ ಒಂದೇ ಪಾತ್ರಕ್ಕೆ ಅವರಿಗೆ ಎರಡು ಆಸ್ಕರ್ ಬಂದವು.

ತೆಲುಗು ಬಲ್ಲ ನಮ್ಮ ಮನೆಗಳ ಹಿರಿಯರಿಗೆ ‘ಮಯೂರಿ’ ನೆನಪಿರಬಹುದು. 1981ರ ಬಸ್ ಅಪಘಾತದ ನಂತರ ಕಾಲು ಕಳೆದುಕೊಂಡ ಸುಧಾ ಚಂದ್ರನ್ ಜೈಪುರ ಕಾಲು ಕಟ್ಟಿಕೊಂಡು ಮತ್ತೆ ಕುಣಿದರು. ಸಿಂಗೀತಂ ಶ್ರೀನಿವಾಸ ರಾವ್ ಅವರ ಆ ಚಿತ್ರದಲ್ಲಿ ತಮ್ಮ ಬದುಕನ್ನು ತಾವೇ ಅಭಿನಯಿಸಿದರು. 1987ರಲ್ಲಿ ಕಿವಿ ಕೇಳದ ಮಾರ್ಲೀ ಮ್ಯಾಟ್ಲಿನ್ ಶ್ರೇಷ್ಠ ನಟಿಯಾಗಿ ಆಸ್ಕರ್ ಪಡೆದರು. 2022ರಲ್ಲಿ ‘ಕೋಡಾ’ ಚಿತ್ರಕ್ಕಾಗಿ ಟ್ರಾಯ್ ಕಾಟ್ಸರ್ ಆಸ್ಕರ್ ಪಡೆದಾಗ, ನಟನೆಗೆ ಅದು ಸಿಕ್ಕ ಮೊದಲ ಕಿವುಡ ಪುರುಷ ಅವರಾದರು.

2024ರ ಜುಲೈಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅಂಗವಿಕಲರನ್ನು ಅರ್ಥಮಾಡಿಸುವ ನಗು ಬೇರೆ, ಅವರನ್ನು ಕೀಳುಮಾಡುವ ನಗು ಬೇರೆ. ಅವರ ಕಥೆ ಹೇಳುವಾಗ ಅವರನ್ನೂ ಜೊತೆಗೆ ಸೇರಿಸಿಕೊಳ್ಳಬೇಕು ಎಂದಿತು.

ಇಷ್ಟನ್ನು ಬರೆಯಲು ಕಾರಣವಿದೆ. ಕಳೆದ ವರ್ಷ ನಮ್ಮ ಯುವಬಳಗ ಬಾರ್ತಿಮಾಯನ ಕಿರುನಾಟಕ ಆಡಿತು. ಕಪ್ಪು ಕನ್ನಡಕ, ಕೋಲು, ಕಂಬಕ್ಕೆ ಡಿಕ್ಕಿ. ಜನ ನಕ್ಕರು, ನಾವೂ ಹಿಗ್ಗಿದೆವು. ಕೊನೆಯ ಬೆಂಚಿನಲ್ಲಿ ಕಣ್ಣು ಕಾಣದ ನಮ್ಮ ಹಿರಿಯರೊಬ್ಬರು ಕುಳಿತಿದ್ದರು. ನಾಟಕ ಕಟ್ಟುವಾಗ ಅವರನ್ನು ಒಂದು ಮಾತು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಈ ಸಲ ತಾಲೀಮಿಗೆ ಮುಂಚೆ ಅವರ ಮನೆಗೆ ಹೋಗೋಣ.