ಅವಧಿ ತೀರಿದ ಹಕ್ಕು, ಕೈ ಬದಲಿಸಿದ ಪ್ರತಿ: ಹಳಕಟ್ಟಿಯವರ ಬರಹಗಳನ್ನು ಮುಂದಿಟ್ಟುಕೊಂಡು

ಫ. ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 22ನೆಯ ಕಲಮಿನಂತೆ, ಲೇಖಕರು ಬದುಕಿದ್ದಾಗ ಅಚ್ಚಾದ ಕೃತಿಯ ಮೇಲಿನ ಹಕ್ಕು ಅವರು ತೀರಿದ ಮರುವರ್ಷದ ಜನವರಿ 1ರಿಂದ 60 ವರ್ಷ ಉಳಿಯುತ್ತದೆ. 1965ರಿಂದ ಎಣಿಸಿದರೆ ಆ ಗಡುವು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ವಚನ ಸಾಹಿತ್ಯಕ್ಕಾಗಿ ಆಯುಷ್ಯವನ್ನೇ ಸವೆಸಿದವರ ಬರಹ 2025ರಿಂದ ಎಲ್ಲರ ಸ್ವತ್ತು.

ಇಲ್ಲಿ ಬಿಡುಗಡೆಯಾದದ್ದು ಏನು ಎಂಬುದನ್ನು ಬಿಡಿಸಿ ನೋಡಬೇಕು. ಹನ್ನೆರಡನೆಯ ಶತಮಾನದ ವಚನಗಳ ಮೇಲೆ ಹಳಕಟ್ಟಿಯವರಿಗಾಗಲಿ ಬೇರೆಯವರಿಗಾಗಲಿ ಹಕ್ಕು ಇರಲೇ ಇಲ್ಲ. ಅವರಿಗಿದ್ದದ್ದು 1923ರ ‘ವಚನ ಶಾಸ್ತ್ರ ಸಾರ’ದಂಥ ಗ್ರಂಥಗಳಲ್ಲಿ ಅವರು ಮಾಡಿದ ಆಯ್ಕೆ, ವಿಷಯವಿಂಗಡಣೆ, ಪೀಠಿಕೆ, ವಿವರಣೆಗಳ ಮೇಲೆ. 2007ರ ಈಸ್ಟರ್ನ್ ಬುಕ್ ಕಂಪನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆ ಇಂಥದ್ದೇ: ತೀರ್ಪಿನ ಮೂಲಪಾಠ ಎಲ್ಲರದು, ಅದರ ಮೇಲೆ ಸಂಪಾದಕರು ಬುದ್ಧಿ ಬಳಸಿ ಸೇರಿಸಿದ್ದು ಅವರದು. ‘ಶಿವಾನುಭವ’ ಪತ್ರಿಕೆಯ ಹಳೆಯ ಸಂಚಿಕೆಗಳ ಲೆಕ್ಕ ಇನ್ನೂ ಸೂಕ್ಷ್ಮ. ಹಳಕಟ್ಟಿಯವರ ಲೇಖನ ಇಂದು ಮುಕ್ತ. ಅದರ ಪಕ್ಕದ ಪುಟದ ಲೇಖಕರು 1980ರಲ್ಲಿ ತೀರಿದ್ದರೆ ಅವರ ಲೇಖನಕ್ಕೆ 2040ರ ಕೊನೆಯವರೆಗೂ ಬೇಲಿ. ಇಡೀ ಸಂಚಿಕೆಯನ್ನು ಮರುಮುದ್ರಿಸುವವರು ಪುಟಪುಟಕ್ಕೂ ಆಯುಷ್ಯದ ಲೆಕ್ಕ ಹಾಕಬೇಕು.

ಹಳಕಟ್ಟಿಯವರು 2015ರಲ್ಲೇ ಮುಕ್ತರಾಗಬೇಕಿತ್ತು. ಮೊದಲು ಕಾಯ್ದೆಯಲ್ಲಿದ್ದ ಅವಧಿ 50 ವರ್ಷ. 1941ರಲ್ಲಿ ತೀರಿದ ರವೀಂದ್ರನಾಥ ಠಾಕೂರರ ಕೃತಿಗಳು ವಿಶ್ವಭಾರತಿಯ ಕೈತಪ್ಪುವ ಹೊತ್ತಿಗೆ, 1991ರ ಕೊನೆಯಲ್ಲಿ, ಸುಗ್ರೀವಾಜ್ಞೆ ಬಂತು. 1992ರ ತಿದ್ದುಪಡಿ ಅವಧಿಯನ್ನು 60ಕ್ಕೆ ಏರಿಸಿತು. ಒಬ್ಬ ಕವಿಗಾಗಿ ಹಿಗ್ಗಿಸಿದ ಗಡುವು ದೇಶದ ಎಲ್ಲ ಭಾಷೆಗಳಿಗೂ ಅನ್ವಯಿಸಿತು. 1937ರಲ್ಲಿ ತೀರಿದ ಪಂಜೆ ಮಂಗೇಶರಾಯರ ಅವಧಿ ಅಷ್ಟರಲ್ಲಾಗಲೇ ಮುಗಿದಿತ್ತು. 1942ರಲ್ಲಿ ತೀರಿದ ಗಳಗನಾಥರು, 1946ರಲ್ಲಿ ತೀರಿದ ಬಿ. ಎಂ. ಶ್ರೀ ಮತ್ತು ಕೈಲಾಸಂ ಹತ್ತು ಹತ್ತು ವರ್ಷ ಹೆಚ್ಚು ಕಾಯಬೇಕಾಯಿತು. ಮರುಮುದ್ರಣವೇ ಅಪರೂಪವಾದ ಭಾಷೆಯಲ್ಲಿ ಈ ಹತ್ತು ವರ್ಷ ಸಣ್ಣದಲ್ಲ. ಅಷ್ಟರಲ್ಲಿ ಹಳೆಯ ಕಾಗದ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ.

ಕಾಗದದ ಮಾತು ಬಂದಾಗ ಹಕ್ಕುಸ್ವಾಮ್ಯದ ಎರಡನೆಯ ಮಿತಿಯನ್ನು ನೆನೆಯಲೇಬೇಕು. ಕನ್ನಡದಲ್ಲಿ ಇದರ ಚರ್ಚೆ ತೀರ ಕಡಿಮೆ. ಪ್ರತಿಗಳನ್ನು ಹೊರತರುವ ಹಕ್ಕನ್ನು ಒಡೆಯರಿಗೆ ಕೊಡುವ 14ನೆಯ ಕಲಂ, ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಅದರಿಂದ ಹೊರಗಿಡುತ್ತದೆ. ಒಮ್ಮೆ ಮಾರಾಟವಾದ ಪುಸ್ತಕ ಮುಂದೆ ಯಾರ ಕೈಗೆ, ಯಾವ ಬೆಲೆಗೆ ಹೋಗಬೇಕೆಂದು ಪ್ರಕಾಶಕರು ಹೇಳುವಂತಿಲ್ಲ. ಅಮೆರಿಕದಲ್ಲಿ ಇದು 1908ರಲ್ಲೇ ತೀರ್ಮಾನವಾಯಿತು: ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಕಾದಂಬರಿಯಲ್ಲಿ ಅಚ್ಚು ಹಾಕಿಸಿದ್ದ ಬಾಬ್ಸ್-ಮೆರಿಲ್ ಪ್ರಕಾಶನ, ಅದನ್ನು 89 ಸೆಂಟಿಗೆ ಮಾರಿದ ಮೇಸೀಸ್ ಅಂಗಡಿಯವರ ಎದುರು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಹರವಿಕೊಂಡು ಕೂತವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲದಿರುವುದು ಇದೇ ತತ್ತ್ವದಿಂದ.

ಈ ಎರಡು ಮಿತಿಗಳನ್ನು ಒಟ್ಟಿಗೆ ಓದಬೇಕು ಎಂಬುದು ನನ್ನ ವಾದ. ಮೊದಲನೆಯದು ಪಠ್ಯವನ್ನು ಬಿಡುಗಡೆ ಮಾಡುತ್ತದೆ, ಎರಡನೆಯದು ಆ ದಿನದವರೆಗೆ ಪ್ರತಿಯನ್ನು ಉಳಿಸುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ವನ್ನು ಇಂದು ಹಕ್ಕಿನ ಹಂಗಿಲ್ಲದೆ ತೋರಿಸಬಹುದು ಎಂದುಕೊಂಡರೂ ತೋರಿಸಲು ಪ್ರತಿಯೇ ಇಲ್ಲ. ಪುಸ್ತಕಗಳಿಗೆ ಆ ಗತಿ ಅಷ್ಟಾಗಿ ಬಂದಿಲ್ಲದಿದ್ದರೆ ಅದಕ್ಕೆ ಕಾರಣ ಮನೆಯ ಅಟ್ಟದಿಂದ ರದ್ದಿ ಅಂಗಡಿಗೆ, ಅಲ್ಲಿಂದ ಆಸಕ್ತರ ಕಪಾಟಿಗೆ ಅವು ಕಾನೂನಿನ ಅಡ್ಡಿಯಿಲ್ಲದೆ ಹರಿದಾಡಿದ್ದು. ಗ್ರಂಥಾಲಯಗಳ ಪಾಲು ದೊಡ್ಡದೇ; ಆದರೆ ಅವು ಹೊರಹಾಕಿದ್ದನ್ನು ಕಾಪಾಡಿದವರು ಈ ಮರುಮಾರಾಟಗಾರರು.

ಮೂಲಪ್ರತಿಗಳ ವಿಚಾರದಲ್ಲಿ ಮಾತ್ರ ಕಾಯ್ದೆ ಮರುಮಾರಾಟಕ್ಕೂ ಕೈಚಾಚಿದೆ. 1994ರ ತಿದ್ದುಪಡಿ ಸೇರಿಸಿದ 53ಎ ಕಲಮಿನಂತೆ ಮೂಲ ಚಿತ್ರ, ಶಿಲ್ಪ ಅಥವಾ ಹಸ್ತಪ್ರತಿ 10,000 ರೂಪಾಯಿಗೂ ಮೀರಿ ಮರುಮಾರಾಟವಾದರೆ ಕರ್ತೃವಿಗೆ ಅಥವಾ ವಾರಸುದಾರರಿಗೆ ಅದರಲ್ಲಿ ಪಾಲುಂಟು. ಆ ಪಾಲು ನೂರಕ್ಕೆ 10ನ್ನು ಮೀರುವಂತಿಲ್ಲ. ಇದು ನ್ಯಾಯವಾದದ್ದೇ. ಬಡತನದಲ್ಲಿ ಕೈಬಿಟ್ಟ ಚಿತ್ರ ಮುಂದೆ ಲಕ್ಷಗಟ್ಟಲೆಗೆ ಹೋದಾಗ ಕಲಾವಿದರ ಮಕ್ಕಳಿಗೆ ಏನಾದರೂ ಸಿಗಬೇಕು. ಆದರೆ ಈ ಪಾಲೂ ಹಕ್ಕುಸ್ವಾಮ್ಯದ ಅವಧಿಯೊಂದಿಗೇ ಮುಗಿಯುತ್ತದೆ. ‘ವಚನ ಶಾಸ್ತ್ರ ಸಾರ’ದ ಹಸ್ತಪ್ರತಿ ನಾಳೆ ಹರಾಜಿಗೆ ಬಂದರೆ ಅದರಲ್ಲಿ ಹಳಕಟ್ಟಿಯವರ ಮನೆತನಕ್ಕೆ ಈ ಕಲಮಿನಡಿ ಪಾಲಿಲ್ಲ.

ಇ-ಪುಸ್ತಕದಲ್ಲಿ ಈ ಎರಡನೆಯ ಮಿತಿಯೇ ಅಳಿಸಿಹೋಗುತ್ತಿದೆ. ಅಲ್ಲಿ ನಾವು ಸಾಮಾನ್ಯವಾಗಿ ಕೊಳ್ಳುವುದು ಪ್ರತಿಯನ್ನಲ್ಲ, ಓದುವ ಪರವಾನಗಿಯನ್ನು. 2019ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು ಓದಿದ ಇ-ಪುಸ್ತಕವನ್ನು ಒಡೆಯರ ಒಪ್ಪಿಗೆಯಿಲ್ಲದೆ ಮರುಮಾರಾಟ ಮಾಡುವಂತಿಲ್ಲ ಎಂದಿತು. ಹತ್ತು ವರ್ಷ ಮೊದಲೇ, 2009ರಲ್ಲಿ, ಓದುಗರು ಹಣ ಕೊಟ್ಟು ಪಡೆದಿದ್ದ ಆರ್ವೆಲ್ ಕಾದಂಬರಿಗಳನ್ನು ಅಮೆಜಾನ್ ಅವರ ಕಿಂಡಲ್‌ಗಳಿಂದ ಅಳಿಸಿತ್ತು. ಇಂದು ಇ-ಪುಸ್ತಕವಾಗಿಯಷ್ಟೇ ಹೊರಬರುವ ಕನ್ನಡ ಕೃತಿಯ ಗಡುವು ಮುಂದಿನ ಶತಮಾನದಲ್ಲಿ ಮುಗಿದೀತು. ಅದನ್ನು ಮರುಮುದ್ರಿಸ ಹೊರಟವರಿಗೆ ಯಾವ ರದ್ದಿ ಅಂಗಡಿಯಲ್ಲೂ ಅದರ ಪ್ರತಿ ಸಿಗುವುದಿಲ್ಲ.