ನೈರುತ್ಯ ಮೂಲೆಯಿಂದ ಅಳೆದ ಬೆಳೆ

ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಎರಡು ಥರದ ಜನ ಬರುತ್ತಾರೆ. ಒಬ್ಬರು ಮೆಡಿಕಲ್ ಓದುವ ಹುಡುಗರು. ಥೀಸಿಸ್ ಕಾಗದ ಮುಂದಿಟ್ಟು, "ಸಾರ್, ಸ್ಯಾಂಪಲ್ ಎಷ್ಟು ಜನ ಇದ್ರೆ ಸಾಕು?" ಎನ್ನುತ್ತಾರೆ. ಇನ್ನೊಬ್ಬರು ಹರಿಹರದ ಕಡೆ ಗದ್ದೆ ಇಟ್ಟುಕೊಂಡವರು. ನಾನು ಸಾಂಖ್ಯಿಕ ಇಲಾಖೆಯಲ್ಲಿದ್ದವನೆಂದು ಗೊತ್ತಿರುವ ಅವರ ಮಾತಿನಲ್ಲಿ ಸಿಟ್ಟಿರುತ್ತದೆ: "ನಾಕು ಗದ್ದೆ ಕೊಯ್ದು ಇಡೀ ಪಂಚಾಯ್ತಿ ಬೆಳೆ ಹೆಂಗ್ ಹೇಳ್ತೀರಿ?" ಇಬ್ಬರೂ ಕೇಳುವುದು ಎಷ್ಟು ಎಂದೇ. ಹೇಗೆ ಆರಿಸಿದಿರಿ ಎಂದು ಕೇಳುವವರು ಅಪರೂಪ. ಆದರೆ ಈ ಕಸುಬಿನ ಚರಿತ್ರೆಯೆಲ್ಲ ಇರುವುದು ಆ 'ಹೇಗೆ'ಯಲ್ಲಿ.

ಹಿಂದೆ ಬೆಳೆಯನ್ನು ಆಣೆಯಲ್ಲಿ ಹೇಳುತ್ತಿದ್ದರು. ತುಂಬು ಫಸಲು ಹದಿನಾರಾಣೆ, ಅರ್ಧ ಬಂದರೆ ಎಂಟಾಣೆ. ಕಂದಾಯ ಮಾಫಿಯಾಗುತ್ತದೋ ಇಲ್ಲವೋ ಎಂಬುದು ಈ ಆಣೆವಾರಿಯ ಮೇಲೆ ನಿಂತಿತ್ತು. ಅಳತೆಗೋಲು ಇರಲಿಲ್ಲ, ತಕ್ಕಡಿ ಇರಲಿಲ್ಲ. ಬದುವಿನ ಮೇಲೆ ನಿಂತವರ ಕಣ್ಣೇ ಪ್ರಮಾಣ. ಆ ಕಣ್ಣು ಅನುಭವದ್ದು, ನಿಜ. ನಾನು ಕೆಲಸಕ್ಕೆ ಸೇರಿದಾಗ ತೆನೆ ನೋಡಿಯೇ ಎಕರೆಗೆ ಎಷ್ಟು ಚೀಲ ಎಂದು ಹೇಳುವ ಹಿರಿಯರು ಹಳ್ಳಿಗಳಲ್ಲಿದ್ದರು, ಅವರ ಮಾತು ಎಷ್ಟೋ ಸಲ ತಕ್ಕಡಿಗೆ ಹತ್ತಿರ ಬರುತ್ತಿತ್ತು. ಆದರೂ ಕಣ್ಣಿಗೆ ದಾರಿ ಪಕ್ಕದ ಗದ್ದೆಯೇ ಮೊದಲು ಕಾಣುತ್ತದೆ. ಪರಿಚಯದವರ ಕಷ್ಟವೂ ಕಾಣುತ್ತದೆ.

ಈ ಕಣ್ಣಳತೆಯಿಂದ ಬಿಡಿಸಿಕೊಳ್ಳುವ ದಾರಿಯನ್ನು ಮೊದಲು ಹುಡುಕಿದವರಲ್ಲಿ ಬಿಹಾರ–ಒರಿಸ್ಸಾ ಪ್ರಾಂತದ ಅಧಿಕಾರಿ ಜೆ.ಎ. ಹಬ್ಬಕ್ ಒಬ್ಬರು. 1920ರ ದಶಕದಲ್ಲಿ ಅವರು ಭತ್ತದ ಗದ್ದೆಗಳಲ್ಲಿ ಜಾಗವನ್ನು ತಮ್ಮ ಇಷ್ಟಕ್ಕೆ ಬಿಡದೆ ಆರಿಸಿ, ತ್ರಿಕೋನಾಕಾರದ ಒಂದು ಚೌಕಟ್ಟನ್ನು ಇಟ್ಟು, ಅದರೊಳಗಿನ ಪೈರನ್ನಷ್ಟೇ ಕೊಯ್ಯಿಸಿದರು. ಆ ತ್ರಿಕೋನದ ವಿಸ್ತೀರ್ಣ ಎಕರೆಯ 3,200ನೇ ಒಂದು ಭಾಗ. ಯಾಕೆ ಅಷ್ಟೇ ಎಂದರೆ, ಮಣಕ್ಕೆ 40 ಸೇರು, ಸೇರಿಗೆ 80 ತೊಲ, ಅಂದರೆ ಮಣಕ್ಕೆ 3,200 ತೊಲ. ತ್ರಿಕೋನದಲ್ಲಿ ಎಷ್ಟು ತೊಲ ಕಾಳು ಸಿಕ್ಕಿತೋ ಎಕರೆಗೆ ಅಷ್ಟು ಮಣ. ಹೊಲದಲ್ಲಿ ನಿಂತವನಿಗೆ ಲೆಕ್ಕದ ತೊಡಕೇ ಇಲ್ಲ. ಸಂಖ್ಯಾಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಚೆಂದದ ಉಪಾಯ ಇನ್ನೊಂದು ಕಂಡಿಲ್ಲ.

ಆಮೇಲೆ ಬಂದವರು ಪಿ.ಸಿ. ಮಹಲನೋಬಿಸ್. 1937ರಿಂದ ಬಂಗಾಳದ ಸೆಣಬಿನ ಸಮೀಕ್ಷೆಯನ್ನು ಮೊದಲು ಸಣ್ಣದಾಗಿ ಮಾಡಿ, ಖರ್ಚು ಎಷ್ಟು, ತಪ್ಪು ಎಷ್ಟು ಎಂದು ತೂಗಿ ನೋಡಿ, ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತ ಹೋದರು. ಸ್ಯಾಂಪಲ್ ಗಾತ್ರವನ್ನು ಊಹಿಸಬಾರದು, ಪ್ರಯೋಗ ಮಾಡಿ ಕಂಡುಕೊಳ್ಳಬೇಕು ಎಂಬ ಪಾಠ ನಮ್ಮ ದೇಶಕ್ಕೆ ಬಂದದ್ದು ಅಲ್ಲಿಂದ. ಅವರ ಕಲ್ಕತ್ತೆಯ ಸಂಸ್ಥೆಗೆ 1941ರಲ್ಲಿ ಸೇರಿದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಪಕ್ಕದ ಹೂವಿನಹಡಗಲಿಯಲ್ಲಿ. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು 2023ರಲ್ಲಿ ತೀರಿಕೊಂಡರು. ಮೆಡಿಕಲ್ ಹುಡುಗರಿಗೆ ಇದನ್ನು ನಾನು ಹೇಳದೆ ಕಳಿಸುವುದಿಲ್ಲ.

1940ರ ದಶಕದಲ್ಲಿ ಮಹಲನೋಬಿಸರಿಗೂ ಕೃಷಿ ಸಂಶೋಧನಾ ಮಂಡಳಿಯ ಪಿ.ವಿ. ಸುಖಾತ್ಮೆಯವರಿಗೂ ದೊಡ್ಡ ವಾದವೇ ನಡೆಯಿತು. ಸಣ್ಣ ತುಣುಕುಗಳನ್ನು ಹೆಚ್ಚು ಕಡೆ ಕೊಯ್ಯಬೇಕು ಎಂದು ಮಹಲನೋಬಿಸ್. ಸಣ್ಣ ತುಣುಕು ಇಳುವರಿಯನ್ನು ಹೆಚ್ಚು ತೋರಿಸುತ್ತದೆ, ದೊಡ್ಡದೇ ಬೇಕು ಎಂದು ಸುಖಾತ್ಮೆ. 1946ರಲ್ಲಿ ಸುಖಾತ್ಮೆ ಇದನ್ನು ಪ್ರಯೋಗದ ಅಂಕಿಗಳಿಂದ ತೋರಿಸಿದರು. ಹೊಲಕ್ಕಿಳಿದವನಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಾವು ಭತ್ತಕ್ಕೆ 5 ಮೀಟರ್ ಚೌಕ ಹಾಕುತ್ತಿದ್ದೆವು. 20 ಸೆಂಟಿಮೀಟರ್ ಅಂತರದ ನಾಟಿಯಾದರೆ ಒಳಗೆ 625 ಬುಡ. ಹಗ್ಗದ ಗೆರೆ ಮೇಲಿರುವ ಒಂದು ಸಾಲು ಒಳಕ್ಕೆ ಸೇರಿಬಿಟ್ಟರೆ 25 ಬುಡ ಹೆಚ್ಚು, ನೂರಕ್ಕೆ ನಾಲ್ಕು. ಅದೇ 1 ಮೀಟರ್ ಚೌಕವಾಗಿದ್ದರೆ ಒಳಗಿರುವುದೇ 25 ಬುಡ; ಒಂದು ಸಾಲು ಸೇರಿದರೆ ನೂರಕ್ಕೆ ಇಪ್ಪತ್ತು ಏರಿಹೋಗುತ್ತದೆ. ಕುಡುಗೋಲು ಹಿಡಿದವರು ಗೆರೆ ಮೇಲಿನ ತುಂಬು ತೆನೆಯನ್ನು ಬಿಡುವುದಿಲ್ಲ, ಅದು ಯಾರ ಮೋಸವೂ ಅಲ್ಲ. ಈ ವಾದದಲ್ಲಿ ನಾನು ಸುಖಾತ್ಮೆಯವರ ಕಡೆ.

ಕೆಲಸ ಹೀಗೆ ನಡೆಯುತ್ತಿತ್ತು. ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲವನ್ನು ರ‍್ಯಾಂಡಮ್ ನಂಬರ್ ಪಟ್ಟಿಯಿಂದ ಎತ್ತಬೇಕು. ಹಳ್ಳಿಯಲ್ಲಿ ಸರ್ವೆ ನಂಬರನ್ನೂ ಹಾಗೆಯೇ. ಗದ್ದೆಗೆ ಹೋದ ಮೇಲೆ ನೈರುತ್ಯ ಮೂಲೆಯಲ್ಲಿ ನಿಂತು ಉದ್ದ, ಅಗಲ ಹೆಜ್ಜೆ ಹಾಕಿ, ಮತ್ತೆ ಪಟ್ಟಿ ನೋಡಿ, ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಎಂದು ನಡೆದು ಮೊದಲ ಗೂಟ ಹೊಡೆಯುವುದು. ನಾಲ್ಕು ಗೂಟವಾದ ಮೇಲೆ ಕರ್ಣ ಅಳೆಯಬೇಕು, 7.07 ಮೀಟರ್ ಬರದಿದ್ದರೆ ಚೌಕ ಸೊಟ್ಟಗಿದೆ ಎಂದರ್ಥ. ನೆಲದ ಮಟ್ಟದಲ್ಲಿ ಹಗ್ಗ ಬಿಗಿದು, ಕೊಯ್ದು, ಅಲ್ಲೇ ತಾಡಪತ್ರಿ ಹಾಸಿ ಬಡಿದು, ತೂರಿ, ತೂಕ ಮಾಡಬೇಕು. ಒಂದು ಕಿಲೋ ಹೆಕ್ಟೇರಿಗೆ 400 ಕಿಲೋ ಆಗುತ್ತದೆ. ಆದ್ದರಿಂದ ಹುಲ್ಲಿನಲ್ಲಿ ಉಳಿದ ಒಂದು ಹಿಡಿ ಕಾಳನ್ನೂ ಆರಿಸುತ್ತಿದ್ದೆವು.

ಆ ಹೊತ್ತಿಗೆ ಸುತ್ತ ಜನ ಸೇರಿರುತ್ತಿದ್ದರು. "ಸಾರ್, ಆ ಕಡೆ ಹಾಕ್ರಿ, ಅಲ್ಲಿ ರೋಗ ಬಿದ್ದೈತಿ" ಎಂದು ಒಬ್ಬರು ಕೈ ತೋರಿಸುತ್ತಿದ್ದರು. ಅವರು ಹೇಳುವುದು ನಿಜವೇ ಇರುತ್ತಿತ್ತು, ಅವರ ಸಾಲವೂ ನಿಜ. ಪಟ್ಟಿಯ ಅಂಕಿ ಬಿಟ್ಟು ಎರಡು ಹೆಜ್ಜೆ ಆಚೆ ಗೂಟ ಹೊಡೆಯುವುದು ಏನೂ ಕಷ್ಟವಲ್ಲ. ಆದರೆ ಇವತ್ತು ಕನಿಕರಕ್ಕೆ ಸರಿದ ಗೂಟ ನಾಳೆ ಇನ್ಯಾರದೋ ಒತ್ತಡಕ್ಕೆ ಎದುರು ದಿಕ್ಕಿಗೆ ಸರಿಯುತ್ತದೆ. ಪಟ್ಟಿಯ ಅಂಕಿಗೆ ಯಾರ ಮುಖವೂ ಗೊತ್ತಿಲ್ಲ. ರೈತನಿಗೆ ಅದಕ್ಕಿಂತ ದೊಡ್ಡ ರಕ್ಷಣೆ ನಾವು ಕೊಡಲಾರೆವು ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಎಷ್ಟು ಎಂಬ ಪ್ರಶ್ನೆಯನ್ನು ಹಗುರ ಮಾಡಲು ಇದನ್ನು ಹೇಳಲಿಲ್ಲ. ಬೆಳೆ ವಿಮೆ ಬಂದ ಮೇಲೆ ಆ ಪ್ರಶ್ನೆಗೆ ಬೇರೆಯೇ ತೂಕ ಬಂತು. ವಿಮೆಯ ಯೋಚನೆ ನಮ್ಮ ನಾಡಿಗೆ ಹೊಸದಲ್ಲ: 1920ರಲ್ಲೇ ಮೈಸೂರು ಸಂಸ್ಥಾನದಲ್ಲಿದ್ದ ಜೆ.ಎಸ್. ಚಕ್ರವರ್ತಿ ಮಳೆಯ ಅಳತೆಯನ್ನು ಆಧಾರವಾಗಿಟ್ಟು ರೈತರಿಗೆ ವಿಮೆ ಕೊಡುವ ಯೋಜನೆಯ ಪುಸ್ತಕ ಪ್ರಕಟಿಸಿದ್ದರು. ಈಗ ಭತ್ತದಂಥ ಬೆಳೆಯ ಲೆಕ್ಕ ಮಳೆಯದಲ್ಲ, ಮುಖ್ಯವಾಗಿ ಕಟಾವಿನದು. 2016ರ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ತಾಲ್ಲೂಕು ಘಟಕವಾದರೆ ಕನಿಷ್ಠ 16 ಕಟಾವು, ಹೋಬಳಿಗೆ 10, ಗ್ರಾಮ ಪಂಚಾಯಿತಿಗೆ 4. ಅದಕ್ಕೆ ಮುಂಚಿನ ಯೋಜನೆಯಲ್ಲಿ ಪಂಚಾಯಿತಿಗೆ 8 ಇತ್ತು. ಘಟಕ ಚಿಕ್ಕದಾದಷ್ಟೂ ರೈತನ ನಿಜವಾದ ನಷ್ಟಕ್ಕೆ ಹತ್ತಿರ ಹೋಗುತ್ತೇವೆ, ಅದು ಒಳ್ಳೆಯದೇ. ಆದರೆ ಕಟಾವು ಎಂಟರಿಂದ ನಾಲ್ಕಕ್ಕೆ ಇಳಿದರೆ ಸರಾಸರಿಯ ತಪ್ಪು ಸುಮಾರು 1.4 ಪಟ್ಟು ಆಗುತ್ತದೆ. ಆ ತಪ್ಪನ್ನು ಅರ್ಧಕ್ಕೆ ಇಳಿಸಬೇಕೆಂದರೆ ನಾಲ್ಕು ಕಟಾವನ್ನು ಹದಿನಾರು ಮಾಡಬೇಕು, ಎಂಟು ಮಾಡಿದರೆ ಸಾಲದು. ಪ್ರತಿ ಪಂಚಾಯಿತಿಗೆ ಹದಿನಾರು ಎಂದರೆ ಅಷ್ಟು ಜನ ಎಲ್ಲಿದ್ದಾರೆ? ಕೊಯ್ಲು ಯಂತ್ರ ಬಂದು ನಿಂತ ಮೇಲೆ ರೈತ ನಮಗಾಗಿ ಎಷ್ಟು ದಿನ ಕಾಯುತ್ತಾನೆ?

ಹಾಗಾದರೆ ನಾಲ್ಕರಲ್ಲೇ ಹೆಚ್ಚು ಕೆಲಸ ತೆಗೆಯುವ ದಾರಿ ಇದೆಯೇ ಎಂದು ನೋಡಬೇಕು. ಹರಿಹರ ತಾಲ್ಲೂಕಿಗೆ ಭದ್ರಾ ನೀರು ಬರುವುದು ಅಚ್ಚುಕಟ್ಟಿನ ಕೊನೆ ಭಾಗವಾಗಿ. ತೂಬಿನ ಹತ್ತಿರದ ಗದ್ದೆ ಹಸುರಾಗಿರುವಾಗ ಅದೇ ನಾಲೆಯ ಕೊನೆಯ ಗದ್ದೆ ಬಿರುಕು ಬಿಟ್ಟಿರುತ್ತದೆ, ಎರಡೂ ಒಂದೇ ಪಂಚಾಯಿತಿಯಲ್ಲಿ. ಎಲ್ಲವನ್ನೂ ಒಂದೇ ಪಟ್ಟಿಯಾಗಿ ಎತ್ತಿದರೆ ನಾಲ್ಕಕ್ಕೆ ನಾಲ್ಕೂ ತೂಬಿನ ಹತ್ತಿರವೇ ಬೀಳಬಹುದು. ಸರ್ವೆ ನಂಬರುಗಳನ್ನು ಮೊದಲೇ ನಾಲೆಯ ಮೇಲು ಭಾಗ, ಕೊನೆ ಭಾಗ ಎಂದು ಎರಡು ಪಟ್ಟಿ ಮಾಡಿ, ಒಂದೊಂದರಿಂದ ಎರಡೆರಡು ಎತ್ತಿ, ಆಯಾ ಭಾಗದ ವಿಸ್ತೀರ್ಣಕ್ಕೆ ತಕ್ಕಂತೆ ಸರಾಸರಿ ಕಟ್ಟಿದರೆ ಒಂದು ಕಟಾವೂ ಹೆಚ್ಚಿಸದೆ ತಪ್ಪು ಇಳಿಯುತ್ತದೆ. ಯಾವ ಗದ್ದೆಗೆ ಯಾವ ತೂಬಿನ ನೀರು ಎಂಬುದು ಊರಿನ ನೀರುಗಂಟಿಗೆ ಬಾಯಿಪಾಠ. ಮುಂಗಾರಿನ ನಾಟಿ ಮುಗಿದ ವಾರವೇ ಆತನನ್ನು ಕೂರಿಸಿಕೊಂಡು ಆ ಎರಡು ಪಟ್ಟಿ ಬರೆಸಬಹುದು.